ಷಿಕಾಗೊ ನಗರದಲ್ಲಿ ಒಂದು ಸಂಜೆ

ಷಿಕಾಗೊ ನಗರಕ್ಕೆ ಹೋದವರು ಎರಡನ್ನು ತಪ್ಪಿಸಕೂಡದೆಂದು ಅಲ್ಲಿಯ ಜನ ಹೇಳುತ್ತಾರೆ. ಒಂದು, ಸ್ಟೇಕ್‌ಹೌಸಿನ ಊಟ. ಇನ್ನೊಂದು, ರಾತ್ರಿ ನದಿಯ ದಂಡೆಯಲ್ಲಿ ನಿಂತು ನೋಡುವ ದೀಪಚಿತ್ರಗಳು. ಎರಡನೆಯದಕ್ಕೆ ನಮ್ಮ ಆಕ್ಷೇಪಣೆ ಏನೂ ಇರಲಿಲ್ಲ. ಮೊದಲನೆಯದರಲ್ಲೇ ತೊಡಕು. ಸ್ಟೇಕ್ ಎಂದರೆ ದಪ್ಪನಾಗಿ ಕತ್ತರಿಸಿ ಕೆಂಡದ ಕಾವಿನಲ್ಲಿ ಸುಟ್ಟ ದನದ ಮಾಂಸ. ನಾನೂ ನನ್ನಾಕೆಯೂ ಹುಟ್ಟಿನಿಂದ ಸಸ್ಯಾಹಾರಿಗಳು.

ಎಂಟು ವರ್ಷಗಳಿಂದ ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗ ಏನು ಉಣ್ಣುತ್ತಾನೆಂದು ನಾವು ಕೇಳಿದವರಲ್ಲ, ಅವನು ಹೇಳಿದವನಲ್ಲ. ವಾರಕ್ಕೊಮ್ಮೆ ದೂರವಾಣಿಯಲ್ಲಿ "ಊಟವಾಯಿತೇ?" ಎನ್ನುವೆವು. "ಆಯಿತು" ಎನ್ನುವನು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಕಳೆದ ಸೆಪ್ಟೆಂಬರಿನಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ ಅವನ ಸಹೋದ್ಯೋಗಿ ದಂಪತಿಗಳು ನಮ್ಮನ್ನು ಊಟಕ್ಕೆ ಕರೆದರು. ಅತಿಥಿಗಳಿಗೆ ಒಳ್ಳೆಯದನ್ನೇ ಕೊಡಬೇಕೆಂದು ಅವರು ಗೊತ್ತುಮಾಡಿದ್ದು ನದಿಯ ಉತ್ತರಕ್ಕಿರುವ ಒಂದು ಹಳೆಯ ಸ್ಟೇಕ್‌ಹೌಸನ್ನು. ಮಗನ ಮುಖ ಕಂದಿತು. "ಬೇರೆ ಕಡೆ ಹೋಗೋಣವೆಂದು ಹೇಳಲೇ?" ಎಂದ. ಪ್ರೀತಿಯಿಂದ ಕರೆದವರ ಮನಸ್ಸನ್ನು ನೋಯಿಸುವುದು ನಮ್ಮ ಮನೆಯ ಪದ್ಧತಿಯಲ್ಲವೆಂದು ಹೊರಟೆವು.

ಮೇಜಿನ ಮುಂದೆ

ಮಂದ ಬೆಳಕು, ಕಪ್ಪು ಮರದ ಗೋಡೆಗಳು, ಬಿಳಿಯ ಮೇಜುವಸ್ತ್ರ, ಬಡಗಿಯ ಸಾಧನದಂತೆ ತೂಕವಾದ ಚಾಕುಗಳು. ಪರಿಚಾರಕನು ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಬೇಯಬೇಕು? ರೇರ್ ಎಂದರೆ ಒಳಗಿನ ಬಿಸಿ ೫೦ ಡಿಗ್ರಿಯ ಆಸುಪಾಸು, ಬಣ್ಣ ಕೆಂಪು. ವೆಲ್‌ಡನ್ ಎಂದರೆ ೭೦ ಡಿಗ್ರಿ ದಾಟಿ ಕಂದು. ತಟ್ಟೆಯಲ್ಲಿ ಒಸರುವ ಕೆಂಪು ರಸ ರಕ್ತವಲ್ಲವಂತೆ. ಸ್ನಾಯುಗಳಲ್ಲಿರುವ ಮಯೋಗ್ಲೋಬಿನ್ ಎಂಬ ವಸ್ತುವಿನ ಬಣ್ಣವಂತೆ. ಒಳ್ಳೆಯ ಮಾಂಸವನ್ನು ವಾರಗಟ್ಟಲೆ ತಣ್ಣನೆಯ ಕೋಣೆಯಲ್ಲಿ ತೂಗಿಟ್ಟು, ನೀರಿನಂಶ ಆರಿ ಮೃದುವಾಗುವವರೆಗೆ ಕಾಯುತ್ತಾರೆ. ಉಪ್ಪಿನಕಾಯಿಯ ಭರಣಿಗೆ ನಾವು ತೋರುವ ತಾಳ್ಮೆಯೇ ಇದು ಎಂದು ನನಗೆ ತೋರಿತು.

ನಮ್ಮಿಬ್ಬರಿಗೆ ಸುಟ್ಟ ಆಲೂಗೆಡ್ಡೆ, ಕೆನೆಯಲ್ಲಿ ಬೇಯಿಸಿದ ಪಾಲಕ್ ಸೊಪ್ಪು, ಬ್ರೆಡ್ಡು. ಪರಿಚಾರಕನು ಹುಬ್ಬೇರಿಸಲಿಲ್ಲ, ಬೆಣ್ಣೆಯನ್ನು ಎರಡು ಪಾಲು ತಂದಿಟ್ಟ. ಮಗನ ಸರದಿ ಬಂದಾಗ ಅವನು ಪಟ್ಟಿಯನ್ನು ತಿರುವುತ್ತ, "ನನಗೂ ಆಲೂಗೆಡ್ಡೆಯೇ ಸಾಕು" ಎಂದ. ಎದುರಿಗೆ ಕುಳಿತಿದ್ದ ಸಹೋದ್ಯೋಗಿಯ ಮುಖದಲ್ಲಿ ಅಚ್ಚರಿ ಮೂಡಿದ್ದನ್ನು ನಾನು ಕಂಡೆ. ಮೂವತ್ತೆರಡು ವರ್ಷದ ಮಗ ನನ್ನೆದುರು ಸುಳ್ಳು ಹಸಿವಿನಿಂದ ಕುಳಿತಿರುವುದು ನನಗೆ ಸಹಿಸಲಿಲ್ಲ. "ದಿನವೂ ಏನು ತರಿಸಿಕೊಳ್ಳುವೆಯೋ ಅದನ್ನೇ ಹೇಳಪ್ಪ" ಎಂದು ಕನ್ನಡದಲ್ಲಿ ಹೇಳಿದೆ. ಅವನು ತಾಯಿಯ ಕಡೆ ನೋಡಿದ. ಆಕೆ ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತ, "ತಣ್ಣಗಾಗುವ ಮೊದಲು ಎಲ್ಲರೂ ಒಟ್ಟಿಗೆ ಉಣ್ಣಿ" ಎಂದಳು. ಅಷ್ಟೇ.

ದನದ ದೊಡ್ಡಿಯ ಕಥೆ

ಸಹೋದ್ಯೋಗಿಯ ತಾತ ಯೂನಿಯನ್ ಸ್ಟಾಕ್ ಯಾರ್ಡ್ಸಿನಲ್ಲಿ ದುಡಿದವರಂತೆ. ೧೮೬೫ರ ಕ್ರಿಸ್ಮಸ್ ದಿನ ತೆರೆದ ಈ ದನದ ದೊಡ್ಡಿ ಬೆಳೆದು ನಾನೂರು ಎಕರೆಯನ್ನೂ ಮೀರಿತ್ತು. ಪಶ್ಚಿಮದ ಹುಲ್ಲುಗಾವಲುಗಳಿಂದ ರೈಲಿನಲ್ಲಿ ಬಂದ ಪಶುಗಳು ಇಲ್ಲಿ ಮಾಂಸವಾಗುತ್ತಿದ್ದವು. ಗಸ್ಟಾವಸ್ ಸ್ವಿಫ್ಟ್ ಎಂಬ ವ್ಯಾಪಾರಿಯ ಮಂಜುಗಡ್ಡೆಯ ರೈಲುಗಾಡಿಗಳು ಅದನ್ನು ಪೂರ್ವತೀರಕ್ಕೆ ಒಯ್ಯುತ್ತಿದ್ದವು. ಅಲ್ಲಿಯ ಕೂಲಿಗಳ ಬವಣೆಯನ್ನು ಅಪ್ಟನ್ ಸಿಂಕ್ಲೇರ್ 'ದಿ ಜಂಗಲ್' ಕಾದಂಬರಿಯಲ್ಲಿ ಚಿತ್ರಿಸಿದರು. ೧೯೦೬ರಲ್ಲಿ ಪುಸ್ತಕ ಬಂತು. ಅದೇ ವರ್ಷ ಮಾಂಸ ತಪಾಸಣೆಯ ಶಾಸನವೂ ಬಂತು. ೧೯೭೧ರಲ್ಲಿ ದೊಡ್ಡಿ ಮುಚ್ಚಿತು. ಸುಣ್ಣಕಲ್ಲಿನ ಹೆಬ್ಬಾಗಿಲು ಮಾತ್ರ ಇಂದಿಗೂ ನಿಂತಿದೆ.

"ಕಸಾಯಿಖಾನೆಗಳ ಹೊಲಸೆಲ್ಲ ಇದೇ ನದಿಯ ಒಂದು ಕವಲಿಗೆ ಹೋಗುತ್ತಿತ್ತು. ಕೊಳೆತು ಗುಳ್ಳೆಯೇಳುತ್ತಿದ್ದುದರಿಂದ ಅದಕ್ಕೆ ಬಬ್ಲಿ ಕ್ರೀಕ್ ಎಂಬ ಹೆಸರೇ ನಿಂತಿತು" ಎಂದರು ಆತ. ಊರಿನ ಕೊಳಚೆ ಕುಡಿಯುವ ನೀರಿನ ಮಿಷಿಗನ್ ಸರೋವರಕ್ಕೆ ಸೇರಬಾರದೆಂದು ೧೯೦೦ರಲ್ಲಿ ಕಾಲುವೆ ತೋಡಿ ನದಿಯ ಹರಿವನ್ನೇ ಹಿಂದುಮುಂದು ಮಾಡಿದರು! ಆ ನದಿಯನ್ನು ನೋಡಲು ಎಲ್ಲರೂ ಎದ್ದೆವು.

ಗೋಡೆಯೇ ಚಿತ್ರಪಟ

ಉತ್ತರದಂಡೆಯಲ್ಲಿ ಮರ್ಚಂಡೈಸ್ ಮಾರ್ಟ್ ಎಂಬ ಮಹಾಕಟ್ಟಡವಿದೆ. ೧೯೩೦ರಲ್ಲಿ ತೆರೆದಾಗ ವಿಸ್ತೀರ್ಣದಲ್ಲಿ ಜಗತ್ತಿನಲ್ಲೇ ದೊಡ್ಡದು. ಸುಮಾರು ೪೦ ಲಕ್ಷ ಚದರಡಿ. ೨೦೧೮ರಿಂದ ಇದರ ನದಿಯ ಕಡೆಯ ಗೋಡೆಯ ಮೇಲೆ 'ಆರ್ಟ್ ಆನ್ ದ ಮಾರ್ಟ್' ನಡೆಯುತ್ತಿದೆ. ಎದುರುದಂಡೆಯ ೩೪ ಪ್ರೊಜೆಕ್ಟರುಗಳು ಎರಡೂವರೆ ಎಕರೆಯಷ್ಟು ಗೋಡೆಯನ್ನು ಚಿತ್ರಪಟವಾಗಿಸುತ್ತವೆ. ಕತ್ತಲು ಕವಿದೊಡನೆ ಆ ಬೂದುಬಣ್ಣದ ಕಲ್ಲಿನ ಮೇಲೆ ಬಣ್ಣಗಳು ಹರಿದು, ಆಕಾರಗಳು ಅರಳಿ, ಮುದುಡಿ, ಮತ್ತೊಂದಾದವು. ಕೆಳಗೆ ನೀರಿನಲ್ಲಿ ಅದೇ ಚಿತ್ರ ತಲೆಕೆಳಗಾಗಿ ನಡುಗುತ್ತಿತ್ತು.

ನನ್ನಾಕೆಗೆ ದಸರೆಯ ಮೈಸೂರು ಅರಮನೆ ನೆನಪಾಯಿತು. ಅಲ್ಲಿ ಲಕ್ಷದಷ್ಟು ದೀಪಗಳು ಅರಮನೆಯ ಗೆರೆಗೆರೆಯನ್ನೂ ತೋರಿಸುತ್ತವೆ. ಇಲ್ಲಿಯ ಬೆಳಕು ಕಟ್ಟಡವನ್ನೇ ಮರೆಸಿಬಿಡುತ್ತದೆ. "ನಮ್ಮದು ಒಡವೆ, ಇವರದು ಸೀರೆ" ಎಂದಳಾಕೆ. ಮಗ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅತಿಥೇಯರು ಮನಸಾರೆ ನಕ್ಕರು.

ಅಲ್ಲಿಂದ ಮಿಲೇನಿಯಂ ಪಾರ್ಕಿಗೆ ನಡೆದೆವು. ೨೦೦೪ರಲ್ಲಿ ಸ್ಪೇನಿನ ಶಿಲ್ಪಿ ಜಾವ್ಮೆ ಪ್ಲೆನ್ಸಾ ರಚಿಸಿದ ಕ್ರೌನ್ ಫೌಂಟನ್ ಅಲ್ಲಿದೆ. ಐವತ್ತು ಅಡಿಯ ಎರಡು ಗಾಜಿನ ಗೋಪುರಗಳಲ್ಲಿ ಸುಮಾರು ಸಾವಿರ ಸ್ಥಳೀಯರ ಮುಖಗಳು ಸರದಿಯಂತೆ ಬೆಳಗುತ್ತವೆ. ಪ್ರತಿ ಮುಖವೂ ಕೊನೆಗೆ ತುಟಿಯನ್ನು ಮುಂದೆ ಮಾಡಿ ನೀರುಗುಳುತ್ತದೆ. ಕಪ್ಪು, ಬಿಳಿ, ಕಂದು ಬಣ್ಣದ ಮಕ್ಕಳೆಲ್ಲ ಆ ನೀರಿನಡಿ ಒಂದೇ ಕೇಕೆ ಹಾಕುತ್ತಿದ್ದರು.

ಪಕ್ಕದಲ್ಲೇ ಕಂಚಿನ ಸಿಂಹಗಳು ಕಾಯುವ ಆರ್ಟ್ ಇನ್‌ಸ್ಟಿಟ್ಯೂಟು. ೧೮೯೩ರ ಸೆಪ್ಟೆಂಬರ್ ೧೧ರಂದು ಸ್ವಾಮಿ ವಿವೇಕಾನಂದರು ಪರಧರ್ಮಸಹಿಷ್ಣುತೆಯನ್ನು ಕುರಿತು ಮಾತನಾಡಿದ್ದು ಈ ಕಟ್ಟಡದಲ್ಲಿಯೇ. ೨೦೧೦ರಲ್ಲಿ ಅದೇ ದಿನಾಂಕದಂದು ಮುಂಬಯಿಯ ಕಲಾವಿದ ಜಿತೀಶ್ ಕಲ್ಲಾಟ್ ಇಲ್ಲಿಯ ಮಹಾಸೋಪಾನದ ೧೧೮ ಮೆಟ್ಟಿಲುಗಳ ಮೇಲೆ ಆ ಭಾಷಣವನ್ನು ದೀಪಾಕ್ಷರಗಳಲ್ಲಿ ಹರಡಿದ್ದರು. ಅಕ್ಷರಗಳಿಗೆ ಬಳಸಿದ್ದು ೨೦೦೧ರ ದುರಂತದ ನಂತರ ಅಮೆರಿಕ ಸರಕಾರ ಅಪಾಯಸೂಚನೆಗೆಂದು ಇಟ್ಟುಕೊಂಡಿದ್ದ ಐದು ಬಣ್ಣಗಳನ್ನು.  ನಾವು ಸಿಂಹಗಳ ಮುಂದೆ ತುಸು ಹೊತ್ತು ನಿಂತೆವು.

ಆ ಮಹನೀಯರು ಜಗತ್ತಿನ ಧರ್ಮಗಳಿಗೆ ಹೇಳಿದ ಮಾತನ್ನು ನಾನು ನನ್ನ ಮಗನ ತಟ್ಟೆಗೆ ಅನ್ವಯಿಸಿಕೊಳ್ಳಲು ಎಂಟು ವರ್ಷ ಬೇಕಾಯಿತಲ್ಲ! ನನ್ನ ಊಟ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಒಂದೇ ಮೇಜಿನಲ್ಲಿ ಕೂರಲು ಒಂದೇ ಊಟ ಬೇಕಿಲ್ಲವೆಂದು ಆ ಸಂಜೆ ನನಗೆ ತಿಳಿಯಿತು.

ಬೆಂಗಳೂರಿಗೆ ಹಿಂತಿರುಗಿದ ವಾರ ನನ್ನಾಕೆ ಎಂದಿನಂತೆ ದೂರವಾಣಿಯಲ್ಲಿ "ಊಟವಾಯಿತೇ?" ಎಂದಳು. "ಆಯಿತು" ಎಂದ ಮಗ. ಸ್ವಲ್ಪ ತಡೆದು, ಏನು ಉಂಡನೆಂಬುದನ್ನೂ ಹೇಳಿದ. "ಜೊತೆಗೆ ಸೊಪ್ಪು ತರಕಾರಿಯನ್ನೂ ತಿನ್ನು" ಎಂದಳು ಅವನ ತಾಯಿ.