ಮಗುವಿಗೆ ಎಡಿಎಚ್‌ಡಿ, ತರಗತಿ ಮಾತ್ರ ಅಪ್ಪ-ಅಮ್ಮನಿಗೆ!

ನಿಮಗಿದು ಗೊತ್ತೇ? ಐದು ವರ್ಷದೊಳಗಿನ ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಇದ್ದರೆ ಮಾತ್ರೆಗಿಂತ ಮೊದಲು ಹೆತ್ತವರಿಗೆ ಗುಂಪು ತರಬೇತಿ ಕೊಡಿ ಎನ್ನುತ್ತದೆ ಬ್ರಿಟನ್ನಿನ ‘ನೈಸ್’ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ. ನಾಲ್ಕೈದು ವರ್ಷದ ಮಕ್ಕಳಿಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಸಲಹೆಯೂ ಹೆಚ್ಚುಕಡಿಮೆ ಇದೇ.

ಹಾಗಾದರೆ ತಪ್ಪು ಹೆತ್ತವರದ್ದೇ? ಖಂಡಿತ ಅಲ್ಲ. ಮಕ್ಕಳ ನಡುವೆ ಈ ವಿಷಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 74ರಷ್ಟು ವಂಶವಾಹಿಗಳಿಂದ ಬಂದದ್ದು ಎನ್ನುತ್ತವೆ ಅವಳಿ ಮಕ್ಕಳ ಅಧ್ಯಯನಗಳು. “ಸರಿಯಾಗಿ ಬೆಳೆಸಿಲ್ಲ” ಎಂದು ಮದುವೆಮನೆಯಲ್ಲಿ ಪಿಸುಗುಡುವ ನೆಂಟರಿಗೆ ಇದನ್ನು ಅಗತ್ಯವಾಗಿ ತಿಳಿಸಿ.

ವಂಶದಲ್ಲಿ ಬರುವುದೆಂದರೆ ತರಬೇತಿಗೆ ಬಂದ ಅಮ್ಮನಿಗೂ ಅದೇ ಚಡಪಡಿಕೆ, ಮರೆವು ಇರಬಹುದು. ಅಂಥ ಲಕ್ಷಣ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ತರಬೇತಿಯ ಲಾಭ ಕಡಿಮೆಯಾಯಿತು ಎಂದು 2002ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿತು. (ಅಪ್ಪಂದಿರು ಇಲ್ಲಿ ನಿರಾಳರಾಗಬೇಕಿಲ್ಲ. ಆ ಅಧ್ಯಯನ ನೋಡಿದ್ದು ತಾಯಂದಿರನ್ನು ಮಾತ್ರ!)

ಅಷ್ಟಕ್ಕೂ ಈ ತರಬೇತಿ ತಿದ್ದುವುದು ಏನನ್ನು? “ಟಿವಿ ಆರಿಸು” ಅಂದಿರಿ, ಮಗು ರಂಪ ಮಾಡಿತು, ನೀವು ಸೋತಿರಿ. ರಂಪಕ್ಕೆ ಫಲವಿದೆ ಎಂದು ಮಗು ಕಲಿಯಿತು. ಮರುದಿನ ನೀವು ಕಿರುಚಿದಿರಿ, ಟಿವಿ ಆರಿತು. ಕಿರುಚಿದರೆ ಕೆಲಸವಾಗುತ್ತದೆ ಎಂದು ನೀವೂ ಕಲಿತಿರಿ. ಈ ವಿಷವರ್ತುಲವನ್ನು ಅಮೆರಿಕದ ಆರೆಗಾನ್‌ನಲ್ಲಿ ವಿವರಿಸಿದವರು ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್. ಇಂದಿನ ಬಹುತೇಕ ಕೋರ್ಸ್‌ಗಳು ಬಿಡಿಸಲು ಹೊರಟಿರುವುದು ಇದನ್ನೇ.

ಮನೋವಿಜ್ಞಾನಿ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ವಿಧಾನವಂತೂ ಮಜವಾಗಿದೆ. ಹಟಮಾರಿ ಮಕ್ಕಳಿಗೆಂದು ಶುರುವಾದದ್ದು, ಈಗ ಎಡಿಎಚ್‌ಡಿ ಮಕ್ಕಳ ಮನೆಗೂ ಬಂದಿದೆ. ಅಮ್ಮ ಮಗುವಿನ ಜೊತೆ ಆಡುತ್ತಿರುತ್ತಾಳೆ. ಗಾಜಿನ ಆಚೆ ಕೂತ ತಜ್ಞೆ, ಅಮ್ಮನ ಕಿವಿಯ ಪುಟ್ಟ ಸಾಧನದೊಳಗೆ ಮೆಲ್ಲನೆ ಹೇಳಿಕೊಡುತ್ತಾಳೆ. ಮೊದಲ ಹಂತದಲ್ಲಿ ಆಜ್ಞೆ ಇಲ್ಲ, ತಪ್ಪು ಹುಡುಕುವಂತಿಲ್ಲ, ಪ್ರಶ್ನೆಯನ್ನೂ ಕೇಳಬಾರದು. “ಪುಟ್ಟಾ, ಇದು ಯಾವ ಬಣ್ಣ?” ಎನ್ನದೆ ಐದು ನಿಮಿಷ ಆಡಿ ನೋಡಿ, ನಮ್ಮವರಿಗೆ ಎಷ್ಟು ಕಷ್ಟವೆಂದು ತಿಳಿಯುತ್ತದೆ.

“ಬ್ಯಾಗ್ ಇಡು, ಕೈಕಾಲು ತೊಳಿ, ಹಾಲು ಕುಡಿ, ಹೋಂವರ್ಕ್‌ಗೆ ಕೂರು.” ಒಂದೇ ಉಸಿರಿಗೆ ನಾಲ್ಕು! ಹತ್ತಿರ ಹೋಗಿ, ಒಂದೊಂದಾಗಿ ಹೇಳಿ ಎಂಬುದು ಇಂಥ ಕೋರ್ಸ್‌ಗಳ ಪಾಠ. ಬಹುಮಾನವೂ ಆಗಿಂದಾಗಲೇ ಸಿಗಬೇಕು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕೊಡಿಸುವ ಸೈಕಲ್ ಈ ಮಕ್ಕಳಿಗೆ ತೀರಾ ದೂರ. ಬರೀ “ಜಾಣ” ಎನ್ನುವ ಬದಲು “ತಟ್ಟೆ ನೀನೇ ಎತ್ತಿಟ್ಟೆಯಲ್ಲ!” ಎನ್ನಿ.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ‘ನ್ಯೂ ಫಾರೆಸ್ಟ್’ ತರಬೇತಿಗೆ ಹತ್ತಿರದ ಕಾಡಿನ ಹೆಸರು. ಇದರಲ್ಲಿ ತರಬೇತುದಾರರೇ ಮನೆಗೆ ಬರುತ್ತಾರೆ.

ಫಲ ಎಷ್ಟು? ಹೆತ್ತವರನ್ನೇ ಕೇಳಿದರೆ ಎಲ್ಲವೂ ಸುಧಾರಿಸಿದಂತೆ ಕಾಣುತ್ತದೆ. ಯಾರಿಗೆ ತರಬೇತಿ ಸಿಕ್ಕಿದೆಯೆಂದು ತಿಳಿಯದವರು ಅಳೆದಾಗ ಗಮನಶಕ್ತಿಯಲ್ಲಿ ಕಾಣುವ ಲಾಭ ಬಹಳ ಇಳಿಯುತ್ತದೆ. ಆದರೆ ಹಟ, ಎದುರುತ್ತರ ತಗ್ಗಿದ್ದು, ಹೆತ್ತವರು ಮಗುವಿನೊಡನೆ ನಡೆದುಕೊಳ್ಳುವ ರೀತಿ ಬದಲಾಗಿದ್ದು ಅವರ ಅಳತೆಯಲ್ಲೂ ಕಂಡಿದೆ. 2014ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ ಸಿಕ್ಕ ಉತ್ತರವಿದು. ನನಗೇನೋ ಇದು ಸಣ್ಣ ಲಾಭ ಅನ್ನಿಸುವುದಿಲ್ಲ. ಇನ್ನು ದೊಡ್ಡ ಮಕ್ಕಳಿಗೆ ಔಷಧಿ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ನಮ್ಮಲ್ಲಿ ಎಲ್ಲಿಂದ ಶುರುಮಾಡುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಉಚಿತವಾಗಿ.