ಹೂಮಳೆ ಕೈಕೊಟ್ಟರೆ ಕೆರೆಯೇ ಗತಿ: ಹೂಳೆತ್ತೋದು ಯಾಕೆ?

ಮೂರ್ನಾಡು: ಮಳೆಗಾಲದಲ್ಲಿ ತುಂಬಿ ಹರಿಯುವ ಕೆರೆಗೆ ಹೂಳೆತ್ತೋ ಖರ್ಚು ಯಾಕೆ ಅನ್ನೋರಿದ್ದಾರೆ. ಉತ್ತರ ಸಿಗೋದು ಫೆಬ್ರವರಿ-ಮಾರ್ಚ್‌ನಲ್ಲಿ. ರೊಬಸ್ಟಾ ಕಾಫಿ ಅರಳಲು ಆಗ ಹೂಮಳೆ ಬೇಕು. ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಎರಡು-ಮೂರು ವಾರ ಬಿಟ್ಟು ಮತ್ತೊಮ್ಮೆ. ಮೊದಲ ಸಲಕ್ಕೇ ಕೆರೆ ಬತ್ತಿದರೆ ಹೂ ಅರಳಿದರೂ ಕಾಯಿ ಸರಿಯಾಗಿ ಕಚ್ಚದು. ಬರದ ವರ್ಷ ಕಾವೇರಿಗೆ ಪಂಪ್ ಇಡಲು ನಿರ್ಬಂಧ ಬಂದದ್ದೂ ಉಂಟು.

ಲೆಕ್ಕ ಸರಳ. ಒಂದು ಎಕರೆ ಕೆರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರ್ ನೀರು ಹೆಚ್ಚು ನಿಲ್ಲುತ್ತದೆ. ಅದು 12 ಎಕರೆ ತೋಟಕ್ಕೆ ಒಂದಿಂಚು ಮಳೆ ಬಿದ್ದಷ್ಟು.

ಫಸಲು ಕೈಗೆ ಬಂದರೆ ತಾನೇ ಪೇಟೆಯಲ್ಲಿ ವ್ಯಾಪಾರ? ಪಂಚಾಯಿತಿ ಕೆರೆಯಾದರೆ ಬೇಡಿಕೆಯನ್ನು ಗ್ರಾಮಸಭೆಯಲ್ಲೇ ಬರೆಸಬೇಕು. ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು.