ಹಳ್ಳದ ನೀರಿನ ಲವಣಾಂಶ: ಮಾನದಂಡ, ಉದ್ಯಮಗಳ ವಾದ ಹಾಗೂ ಗ್ರಾಮ ಪಂಚಾಯತಿಯ ಹೊಣೆ



ಉಣಕಲ್ ಕೆರೆಯ ನಾಲಾ ಹುಬ್ಬಳ್ಳಿ ನಗರವನ್ನು ಹಾದು ಬೆಣ್ಣಿಹಳ್ಳವನ್ನು ಸೇರುತ್ತದೆ. ಬೆಣ್ಣಿಹಳ್ಳವು ಮಲಪ್ರಭೆಯನ್ನು ಕೂಡುತ್ತದೆ. ಬೇಸಿಗೆಯಲ್ಲಿ ಈ ನಾಲಾದಲ್ಲಿ ಹರಿಯುವುದು ಬಹುಪಾಲು ನಗರದ ಬಳಕೆಯ ನೀರು. ಕೆಳಭಾಗದ ರೈತರು ಇದನ್ನೇ ಪಂಪಿನಿಂದ ಎತ್ತಿ ಬೆಳೆಗೆ ಹಾಯಿಸುತ್ತಾರೆ. ಆದುದರಿಂದ ನೀರಿನಲ್ಲಿ ಕರಗಿದ ಲವಣದ ಪ್ರಮಾಣವನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಮಾನದಂಡಗಳು

ಕುಡಿಯುವ ನೀರಿನಲ್ಲಿ ಕರಗಿದ ಲವಣವು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ 2000ದವರೆಗೆ ಅವಕಾಶವಿದೆ (ಐಎಸ್ 10500:2012). ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ನೀರಾವರಿ ನೀರಿನ ವಿದ್ಯುತ್ ವಾಹಕತೆಯು 2250 ಮೈಕ್ರೋಮೋ ಮೀರಬಾರದು. ಇದು ಸುಮಾರು 1440 ಮಿಲಿಗ್ರಾಂ ಲವಣಕ್ಕೆ ಸಮ. ಜವಳಿ ಘಟಕಗಳ ಸಂಸ್ಕರಿತ ನೀರಿಗೆ 2016ರ ಅಧಿಸೂಚನೆಯು 2100 ಮಿಲಿಗ್ರಾಂ ಮಿತಿ ವಿಧಿಸಿದೆ.

ಉದ್ಯಮಗಳ ವಾದ

ಕೊಳವೆಬಾವಿಯ ನೀರೇ ಉಪ್ಪಾಗಿದ್ದರೆ ಆ ಹೊರೆಯನ್ನು ತಮ್ಮ ಮೇಲೆ ಹೊರಿಸಬಾರದೆಂದು ಉದ್ಯಮಗಳು ಹೇಳುತ್ತವೆ. ಇದರಲ್ಲಿ ತಥ್ಯವಿದೆ. ಒಳಬರುವ ನೀರಿನಲ್ಲಿ 1100 ಮಿಲಿಗ್ರಾಂಗಿಂತ ಹೆಚ್ಚು ಲವಣವಿದ್ದರೆ, ಘಟಕವು ಇನ್ನೂ 1000ದವರೆಗೆ ಸೇರಿಸಬಹುದು, ಒಟ್ಟು 3100 ಮೀರಬಾರದು ಎಂದು ಅದೇ ಅಧಿಸೂಚನೆ ಹೇಳುತ್ತದೆ. ಸಾಮಾನ್ಯ ಜೈವಿಕ ಸಂಸ್ಕರಣೆಯಿಂದ ಲವಣ ಹೋಗುವುದಿಲ್ಲ; ಅದಕ್ಕೆ ಬೇಕಾದ ಆರ್‌ಒ ಯಂತ್ರವು ದುಬಾರಿ, ಉಳಿಯುವ ಗಾಢ ಉಪ್ಪುನೀರಿನ ವಿಲೇವಾರಿಯೂ ಕಷ್ಟವೆಂಬುದು ಸಣ್ಣ ಘಟಕಗಳ ಅಹವಾಲು.

ರೈತರಿಗೆ ಉಳಿಯುವ ಪ್ರಶ್ನೆ

ಮೇಲಿನ ಅಂಕಿಗಳನ್ನು ಹೋಲಿಸಿದರೆ, ನಿಯಮ ಪಾಲಿಸಿ ಬಿಟ್ಟ ನೀರೂ ನೀರಾವರಿಯ ಮಿತಿಯನ್ನು ಮೀರಿರಬಹುದೆಂಬುದು ಸ್ಪಷ್ಟ. ಮಳೆಗಾಲದಲ್ಲಿ ಹಳ್ಳದ ಹರಿವು ಅದನ್ನು ತಿಳಿಗೊಳಿಸುತ್ತದೆ. ಬೇಸಿಗೆಯಲ್ಲಿ ಆ ಹರಿವಿಲ್ಲ. ಸೋಡಿಯಂ ಅಧಿಕವಾದರೆ ನಮ್ಮ ಎರೆಭೂಮಿಯ ಜೇಡಿಕಣಗಳು ಚದುರಿ, ನೀರು ಇಂಗದೆ ಹೊಲ ಜವುಗಾಗುತ್ತದೆ. ಜಿಪ್ಸಂ ಹಾಕಿ ಭೂಮಿಯನ್ನು ಸರಿಪಡಿಸಲು ಹಲವು ವರ್ಷಗಳು ಬೇಕು.

ಹಕ್ಕು ಮತ್ತು ಕ್ರಮ

ನೀರನ್ನು ಬಳಸುವ ಅನುಮತಿಯು ಅದನ್ನು ಕೆಡಿಸುವ ಅನುಮತಿಯಲ್ಲ. ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ, 1974ರ 24ನೇ ಕಲಮು ಹಳ್ಳ, ಬಾವಿಗಳಿಗೆ ಮಾಲಿನ್ಯಕಾರಕ ಬಿಡುವುದನ್ನು ನಿಷೇಧಿಸುತ್ತದೆ. 25ನೇ ಕಲಮಿನಡಿ ರಾಜ್ಯ ಮಂಡಳಿಯು ಷರತ್ತುಬದ್ಧ ಸಮ್ಮತಿ ನೀಡುತ್ತದೆ. ಆದ್ದರಿಂದ ಹಳ್ಳದ ದಂಡೆಯ ಗ್ರಾಮ ಪಂಚಾಯತಿಗಳು:

1. ಬೇಸಿಗೆಯಲ್ಲಿ ಹಾಗೂ ಮಳೆಗಾಲದ ನಂತರ, ಹೊರಬಿಡುವ ಸ್ಥಳದ ಮೇಲೆ ಮತ್ತು ಕೆಳಗೆ ನೀರಿನ ವಾಹಕತೆಯನ್ನು ಅಳೆಯಿಸಿ ದಾಖಲಿಸುವುದು.
2. ಘಟಕದ ಸಮ್ಮತಿ ಪತ್ರದ ಷರತ್ತುಗಳನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಪಡೆಯುವುದು.
3. ಹಳ್ಳದ ನೀರು ಹಾಯಿಸುವ ರೈತರಿಗೆ ಮಣ್ಣು ಪರೀಕ್ಷೆ ಮಾಡಿಸಲು ತಿಳಿವಳಿಕೆ ನೀಡುವುದು.
4. ಮಿತಿ ಮೀರಿದಲ್ಲಿ ಗ್ರಾಮಸಭೆಯ ಠರಾವಿನೊಂದಿಗೆ ಅಂಕಿ, ಸ್ಥಳ, ದಿನಾಂಕ ನಮೂದಿಸಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆಯುವುದು.

ಉದ್ಯೋಗ ನೀಡುವ ಘಟಕವೂ ಅನ್ನ ನೀಡುವ ಹೊಲವೂ ಒಂದೇ ಹಳ್ಳವನ್ನು ನಂಬಿವೆ. ಕೇವಲ ದೂರಿಗಿಂತ ಅಳತೆಯ ದಾಖಲೆಯುಳ್ಳ ದೂರಿಗೆ ಬಲ ಹೆಚ್ಚು ಎಂಬುದನ್ನು ಸದಸ್ಯರು ಗಮನಿಸತಕ್ಕದ್ದು.